ಕೆರೆನ್‌ಗೆ ಹೋಗುವ ದಾರಿ ಜಿನೀವಾದಲ್ಲಿ ಶುರುವಾಗಿತ್ತು

ಬೆಳಗಾವಿಯಲ್ಲಿ ನಾನು ಬೆಳೆದ ಓಣಿಯಲ್ಲಿ ಮರಾಠಾ ರೆಜಿಮೆಂಟಿನಿಂದ ನಿವೃತ್ತರಾದ ಅಜ್ಜರೊಬ್ಬರಿದ್ದರು. ಅವರ ಮನೆಮಾತು ಮರಾಠಿ; ಆದರೆ ಓಣಿಯ ಮಕ್ಕಳಾದ ನಮ್ಮೊಡನೆ ಆಡುತ್ತಿದ್ದುದು ಅಚ್ಚ ಬೆಳಗಾವಿ ಕನ್ನಡ. ಸಂಜೆ ಕಟ್ಟೆಯ ಮೇಲೆ ಕುಳಿತು ಅವರು ಹೇಳುತ್ತಿದ್ದ ಯುದ್ಧದ ಕಥೆಗಳಲ್ಲಿ ‘ಕೆರೆನ್’ ಎಂಬ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಅದು ಯಾವುದೋ ದೊಡ್ಡ ಕೆರೆಯ ಹೆಸರಿರಬೇಕೆಂದು ನಾವೆಲ್ಲ ತಿಳಿದಿದ್ದೆವು. ಒಮ್ಮೆ ನಾನು, “ಅಜ್ಜಾ, ಆ ಕೆರಿ ಎಷ್ಟ ದೊಡ್ಡದಿತ್ತು?” ಎಂದು ಕೇಳಿಯೂ ಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆರಿ ಅಲ್ಲೋ ತಮ್ಮಾ, ಅದು ಬರೇ ಕಲ್ಲಿನ ಗುಡ್ಡ. ಅಲ್ಲಿ ಕುಡಿಲಿಕ್ಕೆ ಹನಿ ನೀರ ಇದ್ದಿಲ್ಲ. ನೀರು ಬೆನ್ನ ಮ್ಯಾಲೆ ಹೊತ್ಕೊಂಡು ಗುಡ್ಡ ಹತ್ತತಿದ್ವಿ” ಎಂದಿದ್ದರು.

ಕೆರೆನ್ ಇರುವುದು ಪೂರ್ವ ಆಫ್ರಿಕದ ಎರಿಟ್ರಿಯಾದಲ್ಲಿ. 1941ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಅಲ್ಲಿನ ಕಡಿದಾದ ಬೆಟ್ಟಗಳ ನೆತ್ತಿಯಲ್ಲಿ ಇಟಲಿಯ ಸೈನ್ಯ ಬೇರುಬಿಟ್ಟು ಕುಳಿತಿತ್ತು. ಕೆಳಗಿನ ಕಣಿವೆಯಿಂದ ಮೇಲೆ ಹತ್ತಬೇಕಾಗಿದ್ದವರಲ್ಲಿ ಹೆಚ್ಚಿನವರು ಭಾರತದ 4 ಮತ್ತು 5ನೇ ಡಿವಿಷನ್ನುಗಳ ಸಿಪಾಯಿಗಳಾಗಿದ್ದರು. ಬೆಳಗಾವಿಯಲ್ಲಿ ತರಬೇತಿ ಕೇಂದ್ರವಿದ್ದ 5ನೇ ಮರಾಠಾ ಲೈಟ್ ಇನ್ಫೆಂಟ್ರಿಯ 3ನೇ ಬೆಟಾಲಿಯನ್ ಆ ಹತ್ತುವಿಕೆಯಲ್ಲಿತ್ತು. ದೊಡ್ಡವನಾದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಆ ಕದನದ್ದಲ್ಲ, ಅದಕ್ಕಿಂತ ಹಿಂದಿನದು. ಆ ಗುಡ್ಡಗಳಲ್ಲಿ ಅಷ್ಟು ದೊಡ್ಡ ಇಟಾಲಿಯನ್ ಸೈನ್ಯ ಬಂದು ಕೂರಲು ಸಾಧ್ಯವಾದದ್ದು ಹೇಗೆ? ಆ ಕದನಕ್ಕೆ ಆರು ವರ್ಷ ಮೊದಲು ಅದನ್ನು ತಡೆಯುವ ಅಧಿಕಾರವೂ ಸಾಧನವೂ ಕೆಲವರ ಕೈಯಲ್ಲಿದ್ದವು, ಅವರು ಅದನ್ನು ಬಳಸಲಿಲ್ಲ ಎಂಬುದು ಓದುತ್ತ ಹೋದಂತೆ ನನಗೆ ಸ್ಪಷ್ಟವಾಯಿತು. ಎರಡನೆಯ ಮಹಾಯುದ್ಧದ ಕಾರಣಗಳನ್ನು ಹೇಳುವಾಗ ನಮ್ಮ ಪಠ್ಯಪುಸ್ತಕಗಳು “ರಾಷ್ಟ್ರಸಂಘ ವಿಫಲವಾಯಿತು” ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ರಾಷ್ಟ್ರಸಂಘವೆಂದರೆ ಮೊದಲ ಮಹಾಯುದ್ಧದ ನಂತರ ಶಾಂತಿ ಕಾಯಲೆಂದು ಹುಟ್ಟಿದ, ಜಿನೀವಾದಲ್ಲಿ ನೆಲೆಯಿದ್ದ ದೇಶಗಳ ಕೂಟ (ಲೀಗ್ ಆಫ್ ನೇಷನ್ಸ್). ಆ ಸಾಲಿನೊಳಗೆ ಏನಿದೆ ಎಂಬುದನ್ನು ಬಿಡಿಸಿ ನೋಡಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಅಧಿಕಾರಕ್ಕೆ ಬಂದ ಬಗೆಯನ್ನು ನೋಡಬೇಕು, ಏಕೆಂದರೆ ಹೊರಗಿನ ದೇಶಗಳ ಮೇಲೆ ಆತ ಮುಂದೆ ಪ್ರಯೋಗಿಸಿದ ವಿಧಾನವನ್ನು ಮನೆಯೊಳಗೇ ಕಲಿತಿದ್ದ. 1922ರ ಅಕ್ಟೋಬರಿನಲ್ಲಿ ಆತನ ಫ್ಯಾಸಿಸ್ಟ್ ಪಕ್ಷದ ಕಪ್ಪಂಗಿಯ ದಳಗಳು ರೋಮಿನತ್ತ ಹೊರಟಾಗ ಅವನ್ನು ಚದುರಿಸಲು ಇಟಲಿಯ ಸೈನ್ಯಕ್ಕೆ ಕಷ್ಟವೇನೂ ಇರಲಿಲ್ಲ. ಪ್ರಧಾನಿ ತುರ್ತು ಸ್ಥಿತಿಯ ಆಜ್ಞೆಯನ್ನು ಸಿದ್ಧಪಡಿಸಿದ್ದರು. ಮೂರನೆಯ ವಿಕ್ಟರ್ ಇಮ್ಯಾನುಯೆಲ್ ದೊರೆ ಅದಕ್ಕೆ ಸಹಿ ಹಾಕಲು ಒಪ್ಪದೆ ಮುಸೊಲಿನಿಯನ್ನೇ ಸರ್ಕಾರ ರಚಿಸಲು ಕರೆದ. ಆತ ಮಿಲಾನಿನಿಂದ ರಾತ್ರಿಯ ರೈಲಿನಲ್ಲಿ ಬಂದು ಅಧಿಕಾರ ವಹಿಸಿಕೊಂಡ. ಮರುವರ್ಷ ಬಂದ ಚುನಾವಣಾ ಕಾನೂನಿನ ಪ್ರಕಾರ, ಶೇಕಡಾ 25ರಷ್ಟು ಮತ ದಾಟಿ ಮೊದಲ ಸ್ಥಾನ ಪಡೆದ ಪಟ್ಟಿಗೆ ಸಂಸತ್ತಿನ ಮೂರರಲ್ಲಿ ಎರಡು ಭಾಗ ಸ್ಥಾನಗಳು ಸಿಗಬೇಕಿತ್ತು. ಹೀಗೆ ನಡೆದ 1924ರ ಚುನಾವಣೆಯಲ್ಲಿ ಕಂಡ ಹೊಡೆತ, ಬೆದರಿಕೆ, ಮೋಸಗಳನ್ನು ಸಮಾಜವಾದಿ ಸಂಸದ ಜಾಕೊಮೊ ಮತ್ತಿಯೊತ್ತಿ ಮೇ 30ರಂದು ಸದನದಲ್ಲಿ ಒಂದೊಂದಾಗಿ ಎತ್ತಿ ಹೇಳಿದರು. ಮಾತು ಮುಗಿಸಿ ಕುಳಿತಾಗ ಪಕ್ಕದ ಗೆಳೆಯರಿಗೆ, ಇನ್ನು ನನ್ನ ಅಂತ್ಯಕ್ರಿಯೆಯ ಭಾಷಣ ಸಿದ್ಧಮಾಡಿಕೊಳ್ಳಿ ಎಂದರಂತೆ. ಜೂನ್ 10ರಂದು ಟೈಬರ್ ನದಿಯ ದಂಡೆಯ ರಸ್ತೆಯಲ್ಲಿ ಅವರನ್ನು ಕಾರಿಗೆ ನೂಕಿ ಒಯ್ದರು. ಆಗಸ್ಟಿನಲ್ಲಿ ಅವರ ದೇಹ ಸಿಕ್ಕಿತು.

ಆ ಬೇಸಿಗೆಯಲ್ಲಿ ಮುಸೊಲಿನಿಯ ಸರ್ಕಾರ ನಿಜವಾಗಿಯೂ ಅಲುಗಾಡಿತ್ತು. ವಿರೋಧ ಪಕ್ಷಗಳ ಸಂಸದರು ಸದನವನ್ನು ತೊರೆದು ಹೊರನಡೆದು, ದೊರೆಯು ತನ್ನ ಕರ್ತವ್ಯವನ್ನು ಮಾಡುತ್ತಾನೆಂದು ಕಾದರು. ದೊರೆ ಏನನ್ನೂ ಮಾಡಲಿಲ್ಲ. ಆರು ತಿಂಗಳು ಕಳೆದ ಮೇಲೆ, 1925ರ ಜನವರಿ 3ರಂದು, ಮುಸೊಲಿನಿ ಅದೇ ಸದನದಲ್ಲಿ ನಿಂತು ನಡೆದುದಕ್ಕೆಲ್ಲ ತಾನೇ ಹೊಣೆ ಎಂದು ಘೋಷಿಸಿದ. ತನ್ನನ್ನು ಕೇಳುವವರಾರೂ ಇಲ್ಲ ಎಂಬುದು ಆತನಿಗೆ ಆ ಹೊತ್ತಿಗೆ ಖಾತ್ರಿಯಾಗಿತ್ತು. ಸರ್ವಾಧಿಕಾರ ಪೂರ್ತಿಯಾಗಿ ಬೇರೂರಿದ್ದು ಆ ದಿನದಿಂದ. ರೋಮಿಗೆ ನಡೆದುಹೋದ ದಿನದಿಂದಲ್ಲ ಎಂಬುದು ನನ್ನ ಅಭಿಪ್ರಾಯ.

ಜರ್ಮನಿಯ ಕಥೆ ಹೆಚ್ಚು ಜನರಿಗೆ ಗೊತ್ತಿರುವುದರಿಂದ ಇಲ್ಲಿ ಒಂದು ದೃಶ್ಯವನ್ನಷ್ಟೇ ನೆನೆಯುತ್ತೇನೆ. 1933ರ ಮಾರ್ಚ್ 23ರಂದು ಬರ್ಲಿನ್ನಿನ ಕ್ರೋಲ್ ಒಪೆರಾ ಭವನದಲ್ಲಿ ಸಂಸತ್ತು ಸೇರಿತು, ಏಕೆಂದರೆ ಅದರ ಸ್ವಂತ ಕಟ್ಟಡ ಒಂದು ತಿಂಗಳ ಹಿಂದೆ ಬೆಂಕಿಗೆ ಸಿಕ್ಕಿತ್ತು. ಕಮ್ಯುನಿಸ್ಟ್ ಸದಸ್ಯರು ಜೈಲಿನಲ್ಲೋ ತಲೆಮರೆಸಿಕೊಂಡೋ ಇದ್ದರು. ಸಭಾಂಗಣದ ಒಳಗೂ ಹೊರಗೂ ಹಿಟ್ಲರನ ಸಮವಸ್ತ್ರದ ದಳಗಳು ನಿಂತಿದ್ದವು. ಸಂಸತ್ತಿನ ಒಪ್ಪಿಗೆಯಿಲ್ಲದೆ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರನ ಸರ್ಕಾರಕ್ಕೆ ಕೊಡುವ ಮಸೂದೆಯ ವಿರುದ್ಧ ಸೋಷಿಯಲ್ ಡೆಮಾಕ್ರಟ್ ನಾಯಕ ಒಟ್ಟೊ ವೆಲ್ಸ್ ಒಬ್ಬರೇ ಎದ್ದುನಿಂತು, ನಮ್ಮ ಸ್ವಾತಂತ್ರ್ಯವನ್ನೂ ಜೀವವನ್ನೂ ಕಸಿಯಬಹುದು, ಮಾನವನ್ನಲ್ಲ ಎಂದು ಹೇಳಿದರು. ಮಸೂದೆಗೆ 444 ಮತಗಳು ಬಿದ್ದವು. ವಿರುದ್ಧ 94, ಅವೆಲ್ಲವೂ ಅವರ ಪಕ್ಷದವು. ಆ 444ರಲ್ಲಿ ಹಿಟ್ಲರನನ್ನು ಇಷ್ಟಪಡದ, ಆದರೆ ಮತ ಕೊಟ್ಟರೆ ತಮ್ಮ ಸಂಸ್ಥೆಗಳಾದರೂ ಉಳಿದಾವೆಂದು ಲೆಕ್ಕ ಹಾಕಿದವರು ಎಷ್ಟೋ ಮಂದಿ ಇದ್ದರು. ಜುಲೈ ಮುಗಿಯುವ ಮೊದಲು ಅವರ ಪಕ್ಷಗಳೂ ಉಳಿದಿರಲಿಲ್ಲ.

ಈಗ ಇಥಿಯೋಪಿಯಾಕ್ಕೆ ಬರುತ್ತೇನೆ. ಆಗ ಎಲ್ಲರೂ ಅದನ್ನು ಅಬಿಸೀನಿಯಾ ಎನ್ನುತ್ತಿದ್ದರು. 1896ರ ಮಾರ್ಚ್ 1ರಂದು ಆಡ್ವಾ ಎಂಬಲ್ಲಿ ಮೆನೆಲಿಕ್ ಚಕ್ರವರ್ತಿಯ ಸೈನ್ಯ ಇಟಲಿಯ ಸೈನ್ಯವನ್ನು ಸೋಲಿಸಿ ಓಡಿಸಿತ್ತು. ಆಫ್ರಿಕವನ್ನು ಯುರೋಪಿನವರು ಹರಿದು ಹಂಚಿಕೊಂಡಿದ್ದ ಕಾಲದಲ್ಲಿ ಸ್ವತಂತ್ರವಾಗಿ ಉಳಿದ ಬೆರಳೆಣಿಕೆಯ ನಾಡುಗಳಲ್ಲಿ ಅದೊಂದು. 1923ರಲ್ಲಿ ಅದು ರಾಷ್ಟ್ರಸಂಘದ ಸದಸ್ಯನಾದಾಗ ಇಟಲಿಯೂ ಅದನ್ನು ಬೆಂಬಲಿಸಿತ್ತು. 1928ರಲ್ಲಿ ಎರಡೂ ದೇಶಗಳು ಇಪ್ಪತ್ತು ವರ್ಷಗಳ ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದ್ದವು. ಅಂದರೆ ಕಾಗದದ ಮೇಲೆ ಆ ದೇಶಕ್ಕೆ ಇದ್ದಷ್ಟು ರಕ್ಷಣೆ ಕೆಲವೇ ಸಣ್ಣ ದೇಶಗಳಿಗೆ ಇತ್ತು. ಸಂಘದ ಒಡಂಬಡಿಕೆಯ 16ನೇ ವಿಧಿಯ ಪ್ರಕಾರ, ಒಡಂಬಡಿಕೆ ಮುರಿದು ಒಬ್ಬ ಸದಸ್ಯನ ಮೇಲೆ ಯುದ್ಧಕ್ಕೆ ಹೋದವನು ಎಲ್ಲ ಸದಸ್ಯರ ಮೇಲೂ ಯುದ್ಧ ಸಾರಿದಂತೆ.

ಜಗಳ ಶುರುವಾದದ್ದು ನೀರಿನ ತಾಣವೊಂದರಲ್ಲಿ. ಒಗಾಡೆನ್ ಎಂಬ ಒಣನೆಲದ ವಾಲ್ವಾಲ್‌ನಲ್ಲಿ ದನ ಮೇಯಿಸುವವರು ತಲೆತಲಾಂತರದಿಂದ ನೀರು ಸೇದುತ್ತಿದ್ದ ಬಾವಿಗಳಿದ್ದವು. ಅದು ಗಡಿಯಿಂದ ಸಾಕಷ್ಟು ಒಳಗೆ, ಇಥಿಯೋಪಿಯಾದ ನೆಲದಲ್ಲೇ ಇತ್ತು; ಆದರೂ ಇಟಲಿಯವರು ಅಲ್ಲಿ ಠಾಣೆ ಹಾಕಿದ್ದರು. 1934ರ ಡಿಸೆಂಬರ್ 5ರಂದು ಎರಡು ಕಡೆಯವರ ನಡುವೆ ಗುಂಡು ಹಾರಿ ನೂರಕ್ಕೂ ಹೆಚ್ಚು ಜನ ಸತ್ತರು. ಮುಸೊಲಿನಿ ಕ್ಷಮೆಯನ್ನೂ ಪರಿಹಾರವನ್ನೂ ಕೇಳಿದ. ಹೈಲೆ ಸೆಲಾಸಿ ಚಕ್ರವರ್ತಿ ವ್ಯಾಜ್ಯವನ್ನು ರಾಷ್ಟ್ರಸಂಘದ ಮುಂದಿಟ್ಟರು. ಮುಂದಿನ ಹತ್ತು ತಿಂಗಳು ಜಿನೀವಾದಲ್ಲಿ ಪಂಚಾಯಿತಿ ನಡೆಯುತ್ತಿದ್ದಾಗಲೇ ಇಟಲಿಯ ಹಡಗುಗಳು ಸೂಯೆಜ್ ಕಾಲುವೆಯ ಮೂಲಕ ತನ್ನ ವಸಾಹತಾಗಿದ್ದ ಎರಿಟ್ರಿಯಾದ ಮಸಾವಾ ಬಂದರಿಗೆ ಸೈನಿಕರನ್ನು, ಹೇಸರಗತ್ತೆಗಳನ್ನು, ಲಾರಿಗಳನ್ನು, ಎಣ್ಣೆಯನ್ನು ಸಾಗಿಸುತ್ತಿದ್ದವು. ಕಾಲುವೆಯ ಕಂಪನಿ ಬ್ರಿಟನ್ ಮತ್ತು ಫ್ರಾನ್ಸಿನ ಬಂಡವಾಳದ್ದು. ಪ್ರತಿ ಹಡಗೂ ಸುಂಕ ಕಟ್ಟಿ ದಾಟುತ್ತಿತ್ತು. ಯಾವ ದೊಡ್ಡ ರಾಷ್ಟ್ರಕ್ಕೂ ಏನು ನಡೆಯುತ್ತಿದೆಯೆಂಬುದು ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಅವರು ಸುಮ್ಮನಿದ್ದುದಕ್ಕೆ ಒಂದು ಕಾರಣವಿತ್ತು, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. 1934ರ ಜುಲೈನಲ್ಲಿ ಆಸ್ಟ್ರಿಯದ ಚಾನ್ಸಲರ್ ಡೊಲ್ಫುಸ್ ಅವರನ್ನು ನಾಜಿಗಳು ಕೊಂದಾಗ, ಆಸ್ಟ್ರಿಯದ ಗಡಿಯ ಬ್ರೆನ್ನರ್ ಕಣಿವೆಗೆ ಸೈನ್ಯ ಕಳುಹಿಸಿ ಹಿಟ್ಲರನನ್ನು ಹಿಂದೆ ಸರಿಸಿದ್ದವನು ಮುಸೊಲಿನಿಯೇ. ಹಾಗಾಗಿ ಜರ್ಮನಿಯನ್ನು ಹಿಡಿದಿಡಲು ಇಟಲಿ ಬೇಕೆಂದು ಲಂಡನ್ನೂ ಪ್ಯಾರಿಸ್ಸೂ ಎಣಿಸಿದವು. 1935ರ ಏಪ್ರಿಲಿನಲ್ಲಿ ಇಟಲಿಯ ಸ್ಟ್ರೆಸಾ ಊರಿನಲ್ಲಿ ಮೂವರೂ ಸೇರಿ ಶಾಂತಿಯನ್ನು ಕಾಪಾಡುವ ಘೋಷಣೆಗೆ ಒಪ್ಪಿದರು. ಆ ಘೋಷಣೆಯಲ್ಲಿ ಕಾಪಾಡಬೇಕಾದದ್ದು “ಯುರೋಪಿನ” ಶಾಂತಿ ಎಂದಿತ್ತು. ಆಫ್ರಿಕದ ಮಾತನ್ನು ಯಾರೂ ಎತ್ತಲಿಲ್ಲ. ಆ ಮೌನವನ್ನು ಮುಸೊಲಿನಿ ಒಪ್ಪಿಗೆಯೆಂದು ಓದಿಕೊಂಡ.

1935ರ ಅಕ್ಟೋಬರ್ 3ರಂದು ಯುದ್ಧದ ಘೋಷಣೆಯೂ ಇಲ್ಲದೆ ಇಟಲಿಯ ಸೈನ್ಯ ಎರಿಟ್ರಿಯಾದ ಗಡಿಯ ಮಾರೆಬ್ ನದಿಯನ್ನು ದಾಟಿ ಇಥಿಯೋಪಿಯಾಕ್ಕೆ ನುಗ್ಗಿತು. ಇಲ್ಲಿ ರಾಷ್ಟ್ರಸಂಘ ಏನೂ ಮಾಡಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ನಾಲ್ಕೇ ದಿನಗಳಲ್ಲಿ ಅದರ ಮಂಡಳಿ ಇಟಲಿಯನ್ನು ಒಡಂಬಡಿಕೆ ಮುರಿದ ಆಕ್ರಮಣಕಾರಿ ಎಂದು ತೀರ್ಮಾನಿಸಿತು. ಚೀನಾದ ಮಂಚೂರಿಯಾವನ್ನು ಜಪಾನ್ ನುಂಗಿದಾಗ ವರದಿ ಬರುವುದಕ್ಕೇ ವರ್ಷ ಕಳೆದಿತ್ತು. ಅದಕ್ಕೆ ಹೋಲಿಸಿದರೆ ಇದು ಅದ್ಭುತ ವೇಗ. ಸುಮಾರು 50 ದೇಶಗಳು ಆರ್ಥಿಕ ನಿರ್ಬಂಧಕ್ಕೆ ಒಪ್ಪಿದವು, ನವೆಂಬರ್ 18ರಿಂದ ಅದು ಜಾರಿಗೂ ಬಂತು. ಇಟಲಿಗೆ ಶಸ್ತ್ರ ಮಾರುವಂತಿಲ್ಲ, ಸಾಲ ಕೊಡುವಂತಿಲ್ಲ, ಅಲ್ಲಿಂದ ಸರಕು ತರಿಸುವಂತಿಲ್ಲ.

ಆದರೆ ಇಟಲಿಗೆ ಕಳುಹಿಸಬಾರದ ಸರಕುಗಳ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಕುದುರೆ, ಹೇಸರಗತ್ತೆ, ಕತ್ತೆ, ಒಂಟೆ ಮತ್ತು ಇತರ ಹೊರೆಹೊರುವ ಪ್ರಾಣಿಗಳು ಆ ಪಟ್ಟಿಯಲ್ಲಿವೆ. ರಬ್ಬರ್ ಇದೆ, ತವರ ಇದೆ, ಇಟಲಿ ತಾನೇ ಬೇಕಾದಷ್ಟು ತಯಾರಿಸುತ್ತಿದ್ದ ಅಲ್ಯುಮಿನಿಯಂ ಇದೆ. ಕಲ್ಲಿದ್ದಲು ಇಲ್ಲ, ಉಕ್ಕು ಇಲ್ಲ, ಎಣ್ಣೆ ಇಲ್ಲ. ಇಟಲಿಯ ಯುದ್ಧ ಲಾರಿ, ಟ್ಯಾಂಕ್, ವಿಮಾನಗಳ ಯುದ್ಧವಾಗಿತ್ತು; ಎಣ್ಣೆಯಿಲ್ಲದೆ ಅದರಲ್ಲಿ ಒಂದೂ ಕದಲುವಂತಿರಲಿಲ್ಲ. ಅಮೆರಿಕ ಸಂಘದ ಸದಸ್ಯನಲ್ಲದ ಕಾರಣ ನಾವು ನಿಲ್ಲಿಸಿದರೂ ಅಲ್ಲಿಂದ ಎಣ್ಣೆ ಹೋಗುತ್ತದೆ ಎಂಬುದು ಒಂದು ವಾದ. ಎಣ್ಣೆ ನಿಲ್ಲಿಸಿದರೆ ಮುಸೊಲಿನಿ ನಮ್ಮ ಮೇಲೆಯೇ ಯುದ್ಧಕ್ಕೆ ಬಂದಾನು ಎಂಬುದು ಇನ್ನೊಂದು ಭಯ. ಸೂಯೆಜ್ ಕಾಲುವೆಯನ್ನು ಮುಚ್ಚುವುದು 1888ರ ಒಪ್ಪಂದಕ್ಕೆ ವಿರುದ್ಧ ಎಂಬುದು ಮತ್ತೊಂದು ನೆಪ. ಎಣ್ಣೆಯ ಪ್ರಶ್ನೆಯನ್ನು ತಜ್ಞರ ಸಮಿತಿಗೆ ಒಪ್ಪಿಸಲಾಯಿತು. ಅಮೆರಿಕವು ಎಂದಿನ ಪ್ರಮಾಣವನ್ನು ಮೀರಿ ಮಾರದಿದ್ದರೆ ಮೂರರಿಂದ ಮೂರೂವರೆ ತಿಂಗಳಲ್ಲಿ ನಿರ್ಬಂಧ ಫಲ ಕೊಡುತ್ತದೆಂದು ಅವರು ವರದಿ ಕೊಟ್ಟದ್ದು 1936ರ ಫೆಬ್ರವರಿಯಲ್ಲಿ. ಎಣ್ಣೆಯನ್ನು ತಡೆದಿದ್ದರೆ ತಾನು ಒಂದೇ ವಾರದಲ್ಲಿ ಹಿಂದೆ ಸರಿಯಬೇಕಾಗುತ್ತಿತ್ತು ಎಂದು ಮುಸೊಲಿನಿ ಮುಂದೆ ಹಿಟ್ಲರನಿಗೆ ಹೇಳಿದ್ದನ್ನು ಹಿಟ್ಲರನ ದುಭಾಷಿ ಪಾಲ್ ಷ್ಮಿಟ್ ದಾಖಲಿಸಿದ್ದಾರೆ. ಆತ ಉತ್ಪ್ರೇಕ್ಷೆ ಮಾಡಿರಬಹುದು. ಆದರೂ ಆ ಮಾತನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಅರ್ಧಮರ್ಧ ಮಾಡಿದ ಶಿಕ್ಷೆ ಏನನ್ನೂ ಮಾಡದಿರುವುದಕ್ಕಿಂತ ಕೆಟ್ಟದ್ದಾಯಿತು ಎಂದು ನಾನು ಹೇಳುವುದು ಇದಕ್ಕಾಗಿ. ಆ ನಿರ್ಬಂಧ ಸೈನ್ಯವನ್ನು ನಿಲ್ಲಿಸಲಿಲ್ಲ, ಆದರೆ ಇಟಲಿಯ ಜನರನ್ನು ಕೆರಳಿಸಿ ಸರ್ವಾಧಿಕಾರಿಯ ಹಿಂದೆ ನಿಲ್ಲಿಸಿತು. 1935ರ ಡಿಸೆಂಬರ್ 18ರಂದು ರೋಮಿನ ಯೋಧ ಸ್ಮಾರಕದ ಮುಂದೆ ರಾಣಿ ಎಲೆನಾ ತನ್ನ ಮದುವೆಯ ಉಂಗುರವನ್ನು ದೇಶಕ್ಕೆಂದು ಕೊಟ್ಟಳು. ಅವಳ ಹಿಂದೆ ಸಾಲುಗಟ್ಟಿ ಬಂದ ಹೆಂಗಸರು, ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು, ಬಡ ರೈತರ ಮಡದಿಯರು, ಬೆರಳಿನಿಂದ ಚಿನ್ನದ ಉಂಗುರ ಕಳಚಿ ಕೊಟ್ಟು ಉಕ್ಕಿನ ಉಂಗುರ ತೊಟ್ಟುಕೊಂಡು ಹೋದರು. ಇದೇ ಸರ್ಕಾರವನ್ನು ವರ್ಷಗಟ್ಟಲೆ ಬಹಿರಂಗವಾಗಿ ವಿರೋಧಿಸುತ್ತ ಬಂದಿದ್ದ ತತ್ತ್ವಜ್ಞಾನಿ ಬೆನೆಡೆಟ್ಟೊ ಕ್ರೋಚೆ ಕೂಡ ತನ್ನ ಸೆನೆಟರ್ ಪದಕವನ್ನು ಕೊಟ್ಟರು. ನಮ್ಮ ಹೆಂಗಸರಿಗೆ ತಾಳಿ ಇದ್ದಂತೆ ಆ ಉಂಗುರ. ಅದನ್ನು ಕೊಟ್ಟವರಿಗೆ ಆ ಯುದ್ಧ ಮನೆಯ ಯುದ್ಧವೇ ಆಗಿಬಿಡುತ್ತದೆ.

ಅದೇ ದಿನ ಲಂಡನ್ನಿನಲ್ಲಿ ವಿದೇಶಾಂಗ ಮಂತ್ರಿ ಸ್ಯಾಮ್ಯುಯೆಲ್ ಹೋರ್ ರಾಜೀನಾಮೆ ಕೊಟ್ಟರು. ಸೆಪ್ಟೆಂಬರಿನಲ್ಲಿ ಜಿನೀವಾದ ವೇದಿಕೆಯ ಮೇಲೆ ಎಲ್ಲ ಆಕ್ರಮಣಗಳನ್ನೂ ಒಟ್ಟಾಗಿ ಎದುರಿಸುತ್ತೇವೆಂದು ಸಾರಿದ್ದವರು ಅವರೇ. ಡಿಸೆಂಬರಿನಲ್ಲಿ ಪ್ಯಾರಿಸ್ಸಿಗೆ ಹೋಗಿ ಫ್ರೆಂಚ್ ಪ್ರಧಾನಿ ಪಿಯೆರ್ ಲಾವಾಲ್ ಜೊತೆ ಕೂತು, ಇಥಿಯೋಪಿಯಾದ ದೊಡ್ಡ ಭಾಗವನ್ನು ಇಟಲಿಗೆ ಬಿಟ್ಟುಕೊಡುವ ಯೋಜನೆಯನ್ನು ಗುಟ್ಟಾಗಿ ರಚಿಸಿದ್ದರು. ಫ್ರೆಂಚ್ ಪತ್ರಿಕೆಗಳಲ್ಲಿ ಗುಟ್ಟು ರಟ್ಟಾದಾಗ ಬ್ರಿಟನ್ನಿನ ಜನ ಸಿಟ್ಟಿಗೆದ್ದರು. ಅದೇ ವರ್ಷ ನಡೆದ ಶಾಂತಿ ಮತಗಣನೆಯಲ್ಲಿ ಅಲ್ಲಿ 1 ಕೋಟಿ 10 ಲಕ್ಷಕ್ಕೂ ಮೀರಿದ ಜನ ಉತ್ತರ ಕೊಟ್ಟಿದ್ದರು. ಆಕ್ರಮಣಕಾರಿಯ ವಿರುದ್ಧ ಆರ್ಥಿಕ ಕ್ರಮ ಬೇಕು ಎಂದವರೇ ಅವರಲ್ಲಿ ಬಹುಪಾಲು. ಜನಕ್ಕೆ ಇದ್ದ ಧೈರ್ಯ ಮಂತ್ರಿಗಳಿಗೆ ಇರಲಿಲ್ಲ.

ಯೋಜನೆ ಸತ್ತಿತು, ಹೋರ್ ಹೋದರು. ಎಣ್ಣೆ ಮಾತ್ರ ಹರಿಯುತ್ತಲೇ ಇತ್ತು. ಆ ಡಿಸೆಂಬರಿನ ಕೊನೆಯಲ್ಲಿ ಟೆಕೆಝೆ ನದಿಯ ಸುತ್ತಮುತ್ತ ಇಟಲಿಯ ವಿಮಾನಗಳು ಮಸ್ಟರ್ಡ್ ಗ್ಯಾಸ್ ತುಂಬಿದ ಬಾಂಬುಗಳನ್ನು ಎಸೆಯತೊಡಗಿದವು. 1925ರ ಜಿನೀವಾ ಒಪ್ಪಂದ ವಿಷಾನಿಲವನ್ನು ನಿಷೇಧಿಸಿತ್ತು, ಇಟಲಿ ಅದಕ್ಕೆ ಸಹಿ ಹಾಕಿತ್ತು. ಬರಿಗಾಲಿನಲ್ಲಿ, ಹತ್ತಿಯ ಬಟ್ಟೆಯಲ್ಲಿ ಯುದ್ಧಕ್ಕೆ ಬಂದವರ ಮೈಮೇಲೆ ಆ ದ್ರವ ಬಿದ್ದರೆ ಚರ್ಮ ಬೊಬ್ಬೆಯೆದ್ದು ಸುಲಿದು ಬರುತ್ತಿತ್ತು. ಮುಂದೆ ಅದನ್ನು ವಿಮಾನಗಳಿಂದ ಮಳೆಯಂತೆ ಸಿಂಪಡಿಸಿದರು. ಒಂಬತ್ತು, ಹದಿನೈದು, ಹದಿನೆಂಟು ವಿಮಾನಗಳು ಒಂದರ ಹಿಂದೊಂದು ಬಂದು ಮಂಜಿನ ಹಾಸನ್ನೇ ಹಾಸುತ್ತಿದ್ದವು, ಸೈನಿಕರ ಜೊತೆ ಹೆಂಗಸರು, ಮಕ್ಕಳು, ದನಕರುಗಳು ಸತ್ತವು, ಹೊಳೆ, ಕೆರೆ, ಹುಲ್ಲುಗಾವಲುಗಳು ವಿಷವಾದವು ಎಂದು ಹೈಲೆ ಸೆಲಾಸಿ ಮುಂದೆ ಸಾಕ್ಷಿ ನುಡಿದರು. ಇಟಲಿಯ ಸರ್ಕಾರ ಈ ವಿಷಾನಿಲದ ಮಾತನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1996ರಲ್ಲಿ, ಅರವತ್ತು ವರ್ಷಗಳ ನಂತರ.

ಇಥಿಯೋಪಿಯಾದ ಬೆಟ್ಟಗಳತ್ತ ಎಲ್ಲರ ಗಮನವಿದ್ದ ಆ ಹೊತ್ತಿನಲ್ಲೇ ಹಿಟ್ಲರ್ ತನ್ನ ಲೆಕ್ಕ ಹಾಕಿದ. ರೈನ್ ನದಿಯ ಸೀಮೆಯಲ್ಲಿ ಜರ್ಮನಿ ಸೈನ್ಯ ಇಡಕೂಡದೆಂಬ ಲೊಕಾರ್ನೊ ಒಪ್ಪಂದಕ್ಕೆ ಜಾಮೀನು ನಿಂತಿದ್ದ ದೇಶಗಳು ಎರಡು: ಬ್ರಿಟನ್ ಮತ್ತು ಇಟಲಿ. ಆ ಎರಡೂ ಈಗ ಒಂದರ ಮೇಲೊಂದು ಹಲ್ಲು ಮಸೆಯುತ್ತಿದ್ದವು. 1936ರ ಮಾರ್ಚ್ 7ರಂದು ಜರ್ಮನ್ ಸೈನಿಕರು ಆ ಸೀಮೆಗೆ ನಡೆದುಬಂದರು. ನದಿಯ ಪಶ್ಚಿಮಕ್ಕೆ ದಾಟಿದ್ದು ಬರೇ ಮೂರು ಬೆಟಾಲಿಯನ್ನುಗಳು. ಫ್ರಾನ್ಸ್ ಎದುರು ನಿಂತಿದ್ದರೆ ಹಿಂದೆ ಸರಿಯುವುದೇ ದಾರಿಯಾಗಿತ್ತು. ಯಾರೂ ಎದುರು ನಿಲ್ಲಲಿಲ್ಲ. ಮಂಚೂರಿಯಾ, ಅಬಿಸೀನಿಯಾ, ರೈನ್‌ಲ್ಯಾಂಡ್ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುವ ಈ ಹೆಸರುಗಳು ಬಿಡಿಬಿಡಿ ಘಟನೆಗಳಲ್ಲ. ಒಂದರ ಬಾಗಿಲನ್ನು ಇನ್ನೊಂದು ತೆರೆಯಿತು.

ಆ ಮಾರ್ಚ್ ತಿಂಗಳಿನಲ್ಲೇ ಜವಾಹರಲಾಲ್ ನೆಹರೂ ಸ್ವಿಟ್ಜರ್ಲೆಂಡಿನಲ್ಲಿ ಪತ್ನಿ ಕಮಲಾ ಅವರನ್ನು ಕಳೆದುಕೊಂಡು ವಿಮಾನದಲ್ಲಿ ಭಾರತಕ್ಕೆ ಮರಳುತ್ತಿದ್ದರು. ದಾರಿಯಲ್ಲಿ ರೋಮಿನಲ್ಲಿ ಇಳಿದಾಗ ಮುಸೊಲಿನಿ ಭೇಟಿಗೆ ಕರೆದಿದ್ದಾನೆಂದು ಅಧಿಕಾರಿಯೊಬ್ಬರು ಬಂದರು. ಆ ಭೇಟಿಯನ್ನು ಫ್ಯಾಸಿಸ್ಟ್ ಪ್ರಚಾರಕ್ಕೆ ಬಳಸಿಕೊಳ್ಳುತ್ತಾರೆಂಬುದು ನೆಹರೂಗೆ ಗೊತ್ತಿತ್ತು. ಹತ್ತು ವರ್ಷ ಹಿಂದೆ ರವೀಂದ್ರನಾಥ ಟಾಗೋರರು ಇಟಲಿಯ ಆತಿಥ್ಯದಲ್ಲಿ ಒಳ್ಳೆಯ ಮಾತಾಡಿ, ಗಡಿ ದಾಟಿ ನಿಜ ತಿಳಿದ ಮೇಲೆ ಪತ್ರಿಕೆಗೆ ಪತ್ರ ಬರೆದು ತಮ್ಮ ನಿಲುವನ್ನು ಸ್ಪಷ್ಟಪಡಿಸಬೇಕಾಗಿ ಬಂದಿತ್ತು. ಹೆಂಡತಿಯ ಸಾವಿನ ದುಃಖದಲ್ಲಿದ್ದ ನೆಹರೂ ಎಷ್ಟೇ ಒತ್ತಾಯಿಸಿದರೂ ಹೋಗಲಿಲ್ಲ. ಸ್ವಾತಂತ್ರ್ಯವೇ ಇಲ್ಲದ ದೇಶದ ಪ್ರತಿನಿಧಿ ಮಾಡಿದ ಈ ಸಣ್ಣ ನಿರಾಕರಣೆ, ಸಾಮ್ರಾಜ್ಯಗಳನ್ನು ಆಳುತ್ತಿದ್ದವರಿಂದ ಆಗದೆ ಹೋಯಿತು.

ಮೇ 5ರಂದು ಅಡಿಸ್ ಅಬಾಬಾ ಬಿತ್ತು. ಜೂನ್ 30ರಂದು ಹೈಲೆ ಸೆಲಾಸಿ ಜಿನೀವಾದ ಸಭೆಯಲ್ಲಿ ಮಾತಿಗೆ ನಿಂತರು. ಮೇಲಿನ ಗ್ಯಾಲರಿಯಲ್ಲಿದ್ದ ಇಟಲಿಯ ಪತ್ರಕರ್ತರು ಸೀಟಿ ಹೊಡೆದು, ಬೈದು ಗದ್ದಲ ಎಬ್ಬಿಸಿದರು. ರುಮೇನಿಯಾದ ನಿಕೊಲಾಯ್ ಟಿಟುಲೆಸ್ಕು ಎದ್ದು ಆ ಅನಾಗರಿಕರನ್ನು ಹೊರಗೆ ಹಾಕಿ ಎಂದು ಕೂಗಿದರು. ಸೀಟಿಗಳು ನಿಲ್ಲುವವರೆಗೆ ಚಕ್ರವರ್ತಿ ಅಲುಗದೆ ನಿಂತಿದ್ದು, ಬಳಿಕ ಫ್ರೆಂಚಿನಲ್ಲಲ್ಲ, ತಮ್ಮ ಅಮ್ಹಾರಿಕ್ ನುಡಿಯಲ್ಲಿ ಮಾತು ಶುರುಮಾಡಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ನನ್ನ ಜನರಿಗೆ ನಾನು ಯಾವ ಉತ್ತರವನ್ನು ಒಯ್ಯಲಿ? ಎರಡು ವಾರ ಕಳೆಯುವಷ್ಟರಲ್ಲಿ ಇಟಲಿಯ ಮೇಲಿದ್ದ ನಿರ್ಬಂಧಗಳನ್ನೂ ತೆಗೆದುಹಾಕಲಾಯಿತು.

ಯಾವ ಇಟಲಿಯನ್ನು ಉಳಿಸಿಕೊಳ್ಳಲು ಇಷ್ಟೆಲ್ಲ ಮಾಡಿದರೋ ಅದು ಉಳಿಯಲೂ ಇಲ್ಲ. 1936ರ ನವೆಂಬರ್ 1ರಂದು ಮಿಲಾನಿನಲ್ಲಿ ಮುಸೊಲಿನಿ ರೋಮ್ ಮತ್ತು ಬರ್ಲಿನ್ನಿನ ನಡುವಿನ ನಂಟನ್ನು ಒಂದು ಅಕ್ಷವೆಂದು ಬಣ್ಣಿಸಿದ. 1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ನುಂಗಿದಾಗ ಬ್ರೆನ್ನರ್ ಕಣಿವೆಗೆ ಈ ಬಾರಿ ಯಾವ ಸೈನ್ಯವೂ ಬರಲಿಲ್ಲ. ಮ್ಯೂನಿಕ್ ಒಪ್ಪಂದ, ಪ್ರಾಗ್ ವಶ, ಪೋಲೆಂಡಿನ ಮೇಲಿನ ದಾಳಿ ಎಲ್ಲ ಅದರ ಹಿಂದೆಯೇ ಬಂದವು. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೊ ಒಬ್ಬ ಭಾರತೀಯನನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಸೇರಿಸಿದ; ಮರುವರ್ಷದ ಜೂನಿನಲ್ಲಿ ಮುಸೊಲಿನಿ ಹಿಟ್ಲರನ ಪಕ್ಕ ಯುದ್ಧಕ್ಕಿಳಿದ. ಆಗ ಬೆಳಗಾವಿಯಲ್ಲಿ ಕವಾಯತು ಕಲಿತ ಇಪ್ಪತ್ತರ ಹರೆಯದ ಹುಡುಗರು ಎರಿಟ್ರಿಯಾದ ಗುಡ್ಡಗಳ ಬುಡಕ್ಕೆ ಬಂದು ನಿಂತರು.

1941ರ ಮಾರ್ಚ್ 27ರಂದು ಕೆರೆನ್ ಬಿತ್ತು. ಏಪ್ರಿಲ್ 8ರಂದು ಮಸಾವಾ ಬಂದರು ಶರಣಾಯಿತು. ಅಲ್ಲಿನ ನೀರಿನಲ್ಲಿ ಇಟಲಿಯವರು ತಾವೇ ಮುಳುಗಿಸಿದ ಹಡಗುಗಳು ಅಡ್ಡಡ್ಡ ಬಿದ್ದಿದ್ದವು. ಮೇ 5ರಂದು, ತಮ್ಮ ರಾಜಧಾನಿ ಬಿದ್ದು ಸರಿಯಾಗಿ ಐದು ವರ್ಷಗಳಿಗೆ, ಹೈಲೆ ಸೆಲಾಸಿ ಅಡಿಸ್ ಅಬಾಬಾಕ್ಕೆ ಮರಳಿದರು. ನಮ್ಮ ಓಣಿಯ ಅಜ್ಜ ಇದಾವುದನ್ನೂ ಕಣ್ಣಾರೆ ಕಾಣಲಿಲ್ಲ. ಕೆರೆನ್ನಿನ ಇಳಿಜಾರಿನಲ್ಲಿ ಅವರ ಮೊಣಕಾಲಿಗೆ ಗುಂಡಿನ ಚೂರು ಹೊಕ್ಕಿತ್ತು, ಕೊನೆಯವರೆಗೂ ಅವರು ಆ ಕಾಲನ್ನು ಎಳೆದುಕೊಂಡೇ ನಡೆಯುತ್ತಿದ್ದರು. ಬೆಳಗಿನ ಜಾವ ನೀರು ಹೊತ್ತು ಮೇಲೆ ಹೋಗಿದ್ದವರೇ ಸಂಜೆ ಅವರನ್ನು ಹೊತ್ತು ಕೆಳಗೆ ತಂದರಂತೆ.